ಓದಲು ಮನಸ್ಸು ಬಾರದಿದ್ದಾಗ ಒಂದು ಖಾಲಿ ಹಾಳೆ

ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳು ಬಂದ ವಾರದಿಂದ ನಮ್ಮ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಒಂದೇ ಮಾತು ಎರಡು ಭಾಷೆಗಳಲ್ಲಿ ಓಡಾಡುತ್ತಿದೆ. ಕನ್ನಡದಲ್ಲಿ ‘ಓದೋಕೆ ಮನಸ್ಸೇ ಬರ್ತಿಲ್ಲ’. ನಮ್ಮ ಮನೆಗಳ ಉರ್ದುವಿನಲ್ಲಿ ‘ಪಡ್ನೆಕು ದಿಲ್ ನೈ ಲಗ್ರಾ’. ಹೇಳುವವರಲ್ಲಿ ಕಡಿಮೆ ಅಂಕ ಬಂದವರಷ್ಟೇ ಇಲ್ಲ, ತೊಂಬತ್ತು ತೆಗೆದವರೂ ಇದ್ದಾರೆ. ಇದಕ್ಕೆ ಎಲ್ಲರೂ ಮಾಡುವ ಮದ್ದು ಒಂದೇ: ಫೋನ್ ತೆಗೆದು ಹುರುಪು ತುಂಬುವ ವಿಡಿಯೊ ನೋಡುವುದು. ಹತ್ತು ನಿಮಿಷ ಮೈ ಜುಮ್ಮೆನ್ನುತ್ತದೆ, ಹನ್ನೊಂದನೇ ನಿಮಿಷಕ್ಕೆ ಅದೇ ಫೋನ್‌ನಲ್ಲಿ ಕ್ರಿಕೆಟ್ ತುಣುಕು ಓಡುತ್ತಿರುತ್ತದೆ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಅದಕ್ಕಿಂತ ನೀರಸವಾದ ಒಂದು ವಿಧಾನ. ಅದರ ಹೆಸರು ಮೈಂಡ್ ಮ್ಯಾಪ್. ಕನ್ನಡದಲ್ಲಿ ಮನೋನಕ್ಷೆ ಎನ್ನಬಹುದು. ಪಾಠದ ಟಿಪ್ಪಣಿ ಮಾಡಲು ಇದನ್ನು ಬಳಸುವುದು ನಿಮಗೆ ಗೊತ್ತಿರಬಹುದು. ದಿನಚರಿಯನ್ನು ಸರಿಪಡಿಸಿಕೊಳ್ಳಲು ಮತ್ತು ‘ಮನಸ್ಸು ಬರ್ತಿಲ್ಲ’ ಎಂಬ ಮಾತಿನ ಒಳಗೆ ಏನಿದೆ ಎಂದು ನೋಡಲು ಇದನ್ನು ಹೇಗೆ ಬಳಸಬಹುದು ಎಂಬುದೇ ಇಲ್ಲಿನ ವಿಷಯ.

ಮೊದಲು ಸ್ವಲ್ಪ ಹಿನ್ನೆಲೆ. ವಿಷಯವನ್ನು ಮರದ ಕೊಂಬೆಗಳಂತೆ ಬಿಡಿಸಿ ತೋರಿಸುವ ರೂಢಿ ಬಹಳ ಹಳೆಯದು. ಮೈಂಡ್ ಮ್ಯಾಪ್ ಎಂಬ ಹೆಸರಿನಲ್ಲಿ ಅದನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟೋನಿ ಬುಜಾನ್. ಅವರು 1942ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡರು. 1974ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಅವರ ‘ಯೂಸ್ ಯುವರ್ ಹೆಡ್’ ಎಂಬ ಕಾರ್ಯಕ್ರಮ ಬಂತು, ಅದೇ ಹೆಸರಿನ ಪುಸ್ತಕವೂ ಬಂತು. ಅವರ ನಿಯಮಗಳು ಸರಳ. ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ನಡುವೆ ವಿಷಯ ಬರೆದು ಸುತ್ತ ಗೆರೆ ಎಳೆಯಿರಿ. ಅಲ್ಲಿಂದ ದಪ್ಪ ಕೊಂಬೆಗಳು, ಅವುಗಳಿಂದ ಸಣ್ಣ ಕವಲುಗಳು. ಒಂದು ಗೆರೆಯ ಮೇಲೆ ಒಂದೇ ಪದ. ಬಣ್ಣ ಬಳಸಿ, ಚಿತ್ರ ಬಳಸಿ.

ಪಟ್ಟಿ ಬರೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ನಮ್ಮ ಅಕೌಂಟೆನ್ಸಿಯ ‘ಪಾಲುದಾರರ ಪ್ರವೇಶ’ ಅಧ್ಯಾಯವನ್ನೇ ತೆಗೆದುಕೊಳ್ಳಿ. ಹೊಸ ಲಾಭ ಹಂಚಿಕೆ ಅನುಪಾತ, ತ್ಯಾಗ ಅನುಪಾತ, ಗುಡ್‌ವಿಲ್, ರೀವ್ಯಾಲ್ಯುಯೇಷನ್ ಅಕೌಂಟ್, ಉಳಿದ ಲಾಭ ನಷ್ಟದ ಹಂಚಿಕೆ, ಬಂಡವಾಳ ಹೊಂದಾಣಿಕೆ. ಪಟ್ಟಿಯಾಗಿ ಬರೆದರೆ ಇವು ಆರು ಬೇರೆ ಬೇರೆ ತಲೆನೋವು. ನಕ್ಷೆಯಾಗಿ ಬರೆದರೆ ತ್ಯಾಗ ಅನುಪಾತದಿಂದ ಗುಡ್‌ವಿಲ್‌ಗೆ ಒಂದು ಗೆರೆ ಎಳೆಯಲೇಬೇಕಾಗುತ್ತದೆ, ಏಕೆಂದರೆ ಹೊಸಬ ತಂದ ಗುಡ್‌ವಿಲ್ ಹಣವನ್ನು ಹಳಬರಿಗೆ ಹಂಚುವುದು ಆ ಅನುಪಾತದಲ್ಲೇ. ಪಟ್ಟಿಯಲ್ಲಿ ವಿಷಯಗಳು ಒಂದರ ಕೆಳಗೊಂದು ಸುಮ್ಮನೆ ನಿಂತಿರುತ್ತವೆ. ನಕ್ಷೆಯಲ್ಲಿ ಯಾವುದು ಯಾವುದಕ್ಕೆ ಕಾರಣ ಎಂಬುದನ್ನೂ ಹೇಳಬೇಕಾಗುತ್ತದೆ.

ದಿನನಿತ್ಯದ ಬದುಕಿಗೆ ಇದು ಉಪಯೋಗಕ್ಕೆ ಬರುವುದೂ ಈ ಒಂದು ಕಾರಣಕ್ಕೆ.

ತಲೆಯಲ್ಲಿ ಏಕಕಾಲಕ್ಕೆ ಎಷ್ಟು ವಿಷಯ ಹಿಡಿದಿಡಬಹುದು ಎಂಬ ಬಗ್ಗೆ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1956ರಲ್ಲಿ ಬರೆದ ಲೇಖನ ಪ್ರಸಿದ್ಧ. ಅವರು ಹೇಳಿದ್ದು ಸುಮಾರು ಏಳು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಮ್ಮ ಲೆಕ್ಕ ನೋಡಿ: ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಪ್ರತಿಯೊಂದಕ್ಕೂ 80 ಅಂಕದ ಬರವಣಿಗೆ, 20 ಅಂಕದ ಆಂತರಿಕ ಮೌಲ್ಯಮಾಪನ. ಇದರ ಜೊತೆಗೆ ಮನೆಯ ಕೆಲಸ, ಅಣ್ಣನ ಮದುವೆ, ಹಾಜರಾತಿ, ಫೀಸು. ಇಷ್ಟನ್ನೂ ತಲೆಯಲ್ಲೇ ಹೊತ್ತುಕೊಂಡು ಪುಸ್ತಕ ತೆರೆದರೆ ಪುಸ್ತಕಕ್ಕೆ ಜಾಗ ಎಲ್ಲಿರುತ್ತದೆ? 2011ರಲ್ಲಿ ಅಮೆರಿಕದ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮುಗಿಯದ ಕೆಲಸದ ಯೋಚನೆ ಬೇರೆ ಕೆಲಸದ ನಡುವೆ ನುಗ್ಗಿ ಬರುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ಸ್ಪಷ್ಟವಾಗಿ ಯೋಜಿಸಿದರೆ ಸಾಕು, ಕೆಲಸ ಇನ್ನೂ ಮುಗಿಯದಿದ್ದರೂ ಆ ಕಾಟ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು. ನನಗೆ ಇದು ತುಂಬಾ ಸಮಾಧಾನ ಕೊಟ್ಟ ವಿಷಯ. ಎಲ್ಲವನ್ನೂ ಮುಗಿಸಿದ ಮೇಲೆಯೇ ಮನಸ್ಸು ಹಗುರಾಗಬೇಕು ಎಂದೇನಿಲ್ಲ.

ಈಗ ನನ್ನ ಒಬ್ಬ ಸಹಪಾಠಿಯ ವಿಷಯಕ್ಕೆ ಬರುತ್ತೇನೆ. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಹಾಕಬೇಡ ಎಂದಿದ್ದಾನೆ.

ಅವನು ನವೆಂಬರ್‌ನಲ್ಲಿ ಕಾಲೇಜು ಬಿಡುವ ತೀರ್ಮಾನಕ್ಕೆ ಹತ್ತಿರ ಬಂದಿದ್ದ. ‘ನನಗೆ ಅಕೌಂಟ್ಸ್ ತಲೆಗೆ ಹೋಗಲ್ಲ ಯಾರ್, ಇಂಟರೆಸ್ಟೇ ಇಲ್ಲ. ಮಾಮು ಹತ್ರನೇ ಕೆಲಸಕ್ಕೆ ಸೇರ್ಕೊತೀನಿ’ ಎನ್ನುತ್ತಿದ್ದ. ಅವನ ಮಾಮುವಿನದು ಮಂಡಕ್ಕಿ ಭಟ್ಟಿ. ಅಲ್ಲಿ ಚೀಲ ತುಂಬಿ ಹೊಲಿಯುವ ಕೆಲಸವನ್ನು ಅವನು ಈಗಾಗಲೇ ಬೆಳಗಿನ ಹೊತ್ತು ಮಾಡುತ್ತಿದ್ದ. ಮನೆಯಲ್ಲಿ ಅವನೇ ಹಿರಿಯ ಮಗ.

ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ನಾವಿಬ್ಬರೂ ಅವನ ನಕ್ಷೆ ಬರೆದೆವು. ನಡುವೆ ‘ನನ್ನ ಗುರಿ’ ಎಂದು ಬರೆಯಲು ಹೊರಟಾಗ ಅವನೇ ತಡೆದ. ‘ಗುರಿ ಗಿರಿ ಬೇಡ, ಇರೋದನ್ನ ಬರಿ’ ಎಂದ. ಹಾಗಾಗಿ ನಡುವೆ ಬರೆದದ್ದು ‘ಕಾಲೇಜು ಬಿಡಬೇಕು ಅನ್ಸುತ್ತೆ’. ಅವನ ಆ ಮಾತೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮನಸ್ಸು ಸೋತಿರುವಾಗ ಹಾಳೆಯ ನಡುವೆ ಸಿಎ, ಎಂಬಿಎ ಎಂದು ಬರೆದರೆ ಆ ಹಾಳೆಯನ್ನು ಮತ್ತೆ ನೋಡಲೂ ಭಯವಾಗುತ್ತದೆ.

ಕೊಂಬೆಗಳು ಹೀಗೆ ಬಂದವು: ನಿದ್ದೆ, ಭಟ್ಟಿ, ಅಕೌಂಟ್ಸ್, ಹಾಜರಾತಿ, ದುಡ್ಡು, ಅಬ್ಬಾ, ಫೋನ್. ಬರೆಯಲು ಐದು ನಿಮಿಷ ಸಾಕಾಯಿತು. ಸಮಯ ಹಿಡಿದದ್ದು ಕವಲುಗಳಿಗೆ. ಭಟ್ಟಿಯ ಪಕ್ಕ ‘ಬೆಳಿಗ್ಗೆ 5ರಿಂದ 9’ ಎಂದು ಬರೆದ. ಹಾಜರಾತಿಯ ಪಕ್ಕ ‘ಮೊದಲ ಪೀರಿಯಡ್ ತಪ್ಪುತ್ತೆ’ ಎಂದು ಬರೆದ. ಅಕೌಂಟ್ಸ್ ಪಕ್ಕ ‘ಅಡ್ಮಿಷನ್‌ನಿಂದ ಏನೂ ಗೊತ್ತಿಲ್ಲ’ ಎಂದು ಬರೆದ. ಆಮೇಲೆ ನಾನು ವೇಳಾಪಟ್ಟಿ ತೆಗೆದು ನೋಡಿದೆ. ಮಂಗಳವಾರ, ಗುರುವಾರ, ಶನಿವಾರ ಮೊದಲ ಪೀರಿಯಡ್ ಅಕೌಂಟೆನ್ಸಿಯೇ. ಹಾಳೆಯ ಮೂರು ಮೂಲೆಗಳಲ್ಲಿದ್ದ ಮೂರು ಕವಲುಗಳ ನಡುವೆ ಗೆರೆ ಎಳೆದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದರ ಅರ್ಥ ವಾಣಿಜ್ಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಪಾಲುದಾರರ ಪ್ರವೇಶದ ತರಗತಿಗಳು ತಪ್ಪಿದರೆ ನಿವೃತ್ತಿಯ ಅಧ್ಯಾಯ ಅರ್ಥವಾಗುವುದಿಲ್ಲ, ಏಕೆಂದರೆ ಗುಡ್‌ವಿಲ್ ಮತ್ತು ರೀವ್ಯಾಲ್ಯುಯೇಷನ್ ಅಲ್ಲೂ ಬರುತ್ತವೆ. ಅದು ಅರ್ಥವಾಗದೆ ಕಿರುಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ. ಅಂಕ ಬರದಿದ್ದರೆ ‘ತಲೆಗೆ ಹೋಗಲ್ಲ’ ಎಂಬ ಮಾತು ಹುಟ್ಟುತ್ತದೆ. ಎರಡು ತಿಂಗಳಿಂದ ಅವನು ತನ್ನ ಬುದ್ಧಿಯ ಬಗ್ಗೆ ಸಂಶಯ ಪಡುತ್ತಿದ್ದ. ಹಾಳೆಯ ಮೇಲೆ ಇದ್ದದ್ದು ವಾರಕ್ಕೆ ಮೂರು ಬೆಳಗಿನ ಸಮಸ್ಯೆ.

ನಕ್ಷೆ ಅವನಿಗೆ ಹುರುಪು ಕೊಡಲಿಲ್ಲ. ಯಾರ ಹತ್ತಿರ ಏನು ಕೇಳಬೇಕು ಎಂಬುದನ್ನು ತೋರಿಸಿತು. ‘ಕೆಲಸ ಬಿಡ್ತೀನಿ’ ಎಂದು ಮಾಮುವಿನ ಬಳಿ ಹೇಳುವ ಧೈರ್ಯ ಅವನಿಗಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ‘ಮಂಗಳ, ಗುರು, ಶನಿ ಎಂಟು ಗಂಟೆಗೆ ಬಿಡಿ ಮಾಮು, ಭಾನುವಾರ ಇಡೀ ದಿನ ಬರ್ತೀನಿ’ ಎಂದು ಹೇಳಬಹುದಿತ್ತು, ಹೇಳಿದ. ಮಾಮು ಎರಡು ದಿನಕ್ಕೆ ಒಪ್ಪಿದರು, ಶನಿವಾರಕ್ಕೆ ಒಪ್ಪಲಿಲ್ಲ. ಸಂತೆಗೆ ಸರಕು ಹೋಗುವ ದಿನವಂತೆ. ಶನಿವಾರದ ಪಾಠವನ್ನು ಅವನು ಈಗ ನನ್ನ ನೋಟ್ಸ್‌ನಿಂದ ಅದೇ ಸಂಜೆ ಬರೆದುಕೊಳ್ಳುತ್ತಾನೆ.

‘ದುಡ್ಡು’ ಎಂಬ ಕೊಂಬೆಯಲ್ಲಿ ಒಂದು ಕವಲು ‘ಸ್ಕಾಲರ್‌ಶಿಪ್’ ಎಂದಿತ್ತು. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ. ವಿಚಾರಿಸಿದಾಗ ಅವನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ ಎಂದು ತಿಳಿಯಿತು. ಅದು ಅರ್ಧ ದಿನದ ಕೆಲಸ. ಆದರೆ ‘ದುಡ್ಡಿಲ್ಲ’ ಎಂಬ ದೊಡ್ಡ ಮಾತಿನ ಕೆಳಗೆ ಆ ಅರ್ಧ ದಿನದ ಕೆಲಸ ಮುಚ್ಚಿಹೋಗಿತ್ತು. ನಿಮ್ಮಲ್ಲಿ ಯಾರಾದರೂ ಎಸ್‌ಎಸ್‌ಪಿ ಅರ್ಜಿಗೆ ಕಾಯುತ್ತಿದ್ದರೆ ಇದನ್ನು ಇಂದೇ ನೋಡಿಕೊಳ್ಳಿ.

ಈ ಅನುಭವದಿಂದ ಬುಜಾನ್ ಅವರ ಒಂದು ನಿಯಮವನ್ನು ನಾನು ಒಪ್ಪುವುದಿಲ್ಲ. ಗೆರೆಗೆ ಒಂದೇ ಪದ ಎಂಬುದು ಪಾಠದ ನಕ್ಷೆಗೆ ಸರಿ. ಬದುಕಿನ ನಕ್ಷೆಗೆ ಅದು ಸಾಲದು. ‘ಅಕೌಂಟ್ಸ್’ ಎಂದು ಒಂದು ಪದ ಬರೆದರೆ ಅದು ಗೋಡೆಯಂತೆ ನಿಲ್ಲುತ್ತದೆ. ‘ರೀವ್ಯಾಲ್ಯುಯೇಷನ್‌ನಲ್ಲಿ ಆಸ್ತಿಯ ಬೆಲೆ ಇಳಿದರೆ ಯಾವ ಕಡೆ ಬರೀಬೇಕು?’ ಎಂದು ಬರೆದರೆ ಅದು ಪಕ್ಕದ ಬೆಂಚಿನವರನ್ನು ಕೇಳಬಹುದಾದ ಪ್ರಶ್ನೆಯಾಗುತ್ತದೆ. (ಡೆಬಿಟ್ ಕಡೆ.) ಕವಲು ಇನ್ನೂ ಭಯ ಹುಟ್ಟಿಸುತ್ತಿದ್ದರೆ ಅದನ್ನು ಇನ್ನೊಂದು ಸಲ ಕವಲೊಡೆಯಬೇಕು ಎಂದೇ ಅರ್ಥ.

ಭಾಷೆಯ ಬಗ್ಗೆಯೂ ಒಂದು ಮಾತು. ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಬರೆಯಿರಿ. ನನ್ನ ಹಾಳೆಯಲ್ಲಿ ಮೂರು ಭಾಷೆಗಳಿರುತ್ತವೆ. ಮನೆಯ ವಿಷಯ ಉರ್ದುವಿನಲ್ಲಿ ಬರುತ್ತದೆ, ಕಾಲೇಜಿನ ವಿಷಯ ಕನ್ನಡದಲ್ಲಿ, ಅಕೌಂಟೆನ್ಸಿ ಇಂಗ್ಲಿಷಿನಲ್ಲಿ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ. ಹಾಗಾಗಿ ಮನೆಯ ಕೊಂಬೆಗಳನ್ನೆಲ್ಲ ಹಾಳೆಯ ಎಡಬದಿಗೆ ಇಡುತ್ತೇನೆ, ಕನ್ನಡ ಮತ್ತು ಇಂಗ್ಲಿಷ್ ಬಲಬದಿಗೆ. ಎರಡೂ ಕಡೆ ಓದು ನಡುವಿನಿಂದ ಹೊರಗೆ ಸಾಗುತ್ತದೆ. ಇಂಥ ಅನುಕೂಲ ಬುಜಾನ್ ಅವರಿಗೂ ಹೊಳೆದಿರಲಿಕ್ಕಿಲ್ಲ!

ಇನ್ನು ದಿನದ ಯೋಜನೆ. ಇಲ್ಲಿ ನಮಗೆ ಹೊರಗಿನ ಪುಸ್ತಕ ಬೇಕಿಲ್ಲ, ಬಿಸಿನೆಸ್ ಸ್ಟಡೀಸ್‌ನ ‘ಪ್ಲಾನಿಂಗ್’ ಅಧ್ಯಾಯವೇ ಸಾಕು. ಏಳು ಹಂತಗಳನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ: ಗುರಿ ನಿರ್ಧಾರ, ಆಧಾರ ಕಲ್ಪನೆಗಳು, ಪರ್ಯಾಯಗಳು, ಅವುಗಳ ಮೌಲ್ಯಮಾಪನ, ಆಯ್ಕೆ, ಜಾರಿ, ಅನುಸರಣೆ. ಪರೀಕ್ಷೆಯಲ್ಲಿ ಎರಡನೆಯದನ್ನು, ಅಂದರೆ ‘ಪ್ರಿಮೈಸಸ್’ ಎಂಬುದನ್ನು, ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುತ್ತೇವೆ. ನಮ್ಮ ಟೈಮ್‌ಟೇಬಲ್‌ಗಳು ಮೂರೇ ದಿನಕ್ಕೆ ಬಿದ್ದುಹೋಗುವುದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ‘ರಾತ್ರಿ 9ರಿಂದ 11 ಅರ್ಥಶಾಸ್ತ್ರ’ ಎಂದು ಬರೆಯುವಾಗ ಆ ಹೊತ್ತಿಗೆ ಮನೆ ಶಾಂತವಾಗಿರುತ್ತದೆ, ಕರೆಂಟ್ ಇರುತ್ತದೆ, ನೆಂಟರು ಬರುವುದಿಲ್ಲ, ತಂಗಿ ಟಿವಿ ಹಾಕುವುದಿಲ್ಲ ಎಂದೆಲ್ಲ ನಾವು ಹೇಳದೆಯೇ ಊಹಿಸಿರುತ್ತೇವೆ. ದಿನದ ನಕ್ಷೆಯಲ್ಲಿ ಪ್ರತಿ ಕೆಲಸದ ಕೊಂಬೆಗೆ ‘ಇದಕ್ಕೆ ಏನು ಇರಬೇಕು?’ ಎಂಬ ಒಂದು ಕವಲು ಸೇರಿಸಿ. ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ದಾದಿಮಾ ಎಲ್ಲರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಅದು ಬದಲಾಗುವುದಿಲ್ಲ, ಬದಲಾಗಲೂ ಬಾರದು. ಆದ್ದರಿಂದ ನನ್ನ ಅರ್ಥಶಾಸ್ತ್ರ ಸಂಜೆಗೆ ಬಂತು.

ಸಮಯವನ್ನು ಗಡಿಯಾರಕ್ಕೆ ಕಟ್ಟುವ ಬದಲು ದಿನವೂ ತಪ್ಪದೆ ನಡೆಯುವ ಕೆಲಸಕ್ಕೆ ಕಟ್ಟಿದರೆ ಹೆಚ್ಚು ದಿನ ನಿಲ್ಲುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದ ಲೇಖನದ ತಿರುಳೂ ಇದಕ್ಕೆ ಹತ್ತಿರವೇ. ‘ಚೆನ್ನಾಗಿ ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂಬ ಮಾತು ಹೆಚ್ಚು ಕೆಲಸ ಮಾಡುತ್ತದೆ. ನಮ್ಮಲ್ಲಿ ಹಲವರಿಗೆ ದಿನದಲ್ಲಿ ಐದು ಗೂಟಗಳು ಈಗಾಗಲೇ ನೆಟ್ಟಿವೆ: ಫಜ್ರ್, ಜುಹರ್, ಅಸರ್, ಮಗ್ರಿಬ್, ಇಶಾ. ನಾನು ‘ಸಂಜೆ 6.30ಕ್ಕೆ ಅರ್ಥಶಾಸ್ತ್ರ’ ಎಂದು ಬರೆಯುವುದಿಲ್ಲ, ‘ಮಗ್ರಿಬ್ ಆದ ಮೇಲೆ ಅರ್ಥಶಾಸ್ತ್ರ’ ಎಂದು ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ, ಮೇ ಕೊನೆಗೆ ಏಳು ಸಮೀಪಿಸುತ್ತದೆ. ಗೂಟ ಸರಿದರೆ ಓದೂ ಅದರ ಜೊತೆ ಸರಿಯುತ್ತದೆ. ಬೇರೆ ಮನೆಗಳ ಗೆಳೆಯರಿಗೆ ಬೇರೆ ಗೂಟಗಳಿವೆ. ನಮ್ಮ ತರಗತಿಯ ಒಬ್ಬಳು ದೇವರ ದೀಪ ಹಚ್ಚಿದ ಮೇಲೆ ಸ್ಟ್ಯಾಟಿಸ್ಟಿಕ್ಸ್ ಲೆಕ್ಕ ಮಾಡುತ್ತಾಳೆ, ಹಳ್ಳಿಯಿಂದ ಬರುವ ಇನ್ನೊಬ್ಬನಿಗೆ ಹಾಲು ಕರೆದು ಡೇರಿಗೆ ಹಾಕಿ ಬರುವುದೇ ಗೂಟ.

ಎಷ್ಟು ಕೆಲಸ ಬರೆಯಬೇಕು? ಮೂರು. ನಾಲ್ಕನೆಯದನ್ನು ಬರೆಯಲು ಕೈ ಹೋಗುತ್ತದೆ, ಬಿಡಬೇಡಿ. ಯಾವ ಕೆಲಸಕ್ಕೂ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಕಾನ್‌ಮನ್ ಮತ್ತು ಟ್ವರ್ಸ್ಕಿ ಎಂಬ ಇಬ್ಬರು ವಿದ್ವಾಂಸರು 1979ರಲ್ಲೇ ಇದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಎಂಬ ಹೆಸರಿಟ್ಟರು. ನಮ್ಮ ಅಮ್ಮಿಗೆ ಆ ಹೆಸರು ಗೊತ್ತಿಲ್ಲ. ಆದರೂ ಹತ್ತು ಜನ ಊಟಕ್ಕೆ ಬರುತ್ತಾರೆಂದರೆ ಹದಿಮೂರು ಜನರ ಅಕ್ಕಿ ನೆನೆಹಾಕುತ್ತಾರೆ.

ಈಗ ಇದರ ವಿರುದ್ಧದ ಮಾತುಗಳು. ಇವನ್ನು ಹೇಳದೆ ಬಿಟ್ಟರೆ ಈ ಲೇಖನ ಜಾಹೀರಾತು ಆಗಿಬಿಡುತ್ತದೆ.

2002ರಲ್ಲಿ ಲಂಡನ್ನಿನಲ್ಲಿ 50 ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು ‘ಮೆಡಿಕಲ್ ಎಜುಕೇಷನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 600 ಪದಗಳ ಒಂದು ಬರಹವನ್ನು ಕೆಲವರು ಮೈಂಡ್ ಮ್ಯಾಪ್ ಮಾಡಿ ಓದಿದರು, ಕೆಲವರು ತಮ್ಮ ಮಾಮೂಲಿ ರೀತಿಯಲ್ಲಿ ಓದಿದರು. ಒಂದು ವಾರದ ನಂತರ ನಕ್ಷೆ ಮಾಡಿದವರ ನೆನಪು ಸ್ವಲ್ಪ ಉತ್ತಮವಾಗಿತ್ತು. ಆದರೆ ಗಮನಿಸಿ, ಆ ವಿಧಾನವನ್ನು ಬಳಸುವ ಉತ್ಸಾಹ ಅವರಲ್ಲೇ ಕಡಿಮೆಯಿತ್ತು! ಅಂದರೆ ಹೊಸದಾಗಿ ನಕ್ಷೆ ಬರೆಯಲು ಕುಳಿತವರಿಗೆ ಅದು ಬೇಸರ ತರಿಸುವ ಕೆಲಸವೇ. ಮೊದಲ ಎರಡು ಮೂರು ಸಲ ನಿಮಗೂ ಹಾಗೆಯೇ ಅನ್ನಿಸಿದರೆ ಆಶ್ಚರ್ಯವಿಲ್ಲ. 2011ರಲ್ಲಿ ಕಾರ್ಪಿಕೆ ಮತ್ತು ಬ್ಲಂಟ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಖ್ಯ. ಮೈಂಡ್ ಮ್ಯಾಪ್‌ನ ಸೋದರಸಂಬಂಧಿಯಾದ ಕಾನ್ಸೆಪ್ಟ್ ಮ್ಯಾಪ್ ಅನ್ನು ಪುಸ್ತಕ ತೆರೆದಿಟ್ಟುಕೊಂಡು ಬರೆದವರಿಗಿಂತ, ಪುಸ್ತಕ ಮುಚ್ಚಿ ಓದಿದ್ದನ್ನು ನೆನಪಿಸಿಕೊಂಡು ಬರೆದವರು ಹೆಚ್ಚು ಕಲಿತಿದ್ದರು.

ಆದ್ದರಿಂದ ಪಾಠದ ನಕ್ಷೆ ಬರೆಯುವಾಗ ಪುಸ್ತಕ ಮುಚ್ಚಿರಿ. ನೆನಪಾದಷ್ಟು ಬರೆದು, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಕೆಂಪು ಎಷ್ಟಿದೆಯೋ ಅಷ್ಟು ಓದಬೇಕು. ನಮ್ಮ ಬಿಸಿನೆಸ್ ಸ್ಟಡೀಸ್ ಮೇಡಂ ಈ ಲೇಖನದ ಕರಡು ನೋಡಿ ಹೇಳಿದ್ದು ಇನ್ನೂ ನೇರ: ‘ಚಿತ್ರ ಬಿಡಿಸೋದೇ ಕೆಲಸ ಆಗಬಾರದು. ಎಂಟು ಬಣ್ಣದ ಸ್ಕೆಚ್ ಪೆನ್ ತಗೊಂಡು ಎರಡು ಗಂಟೆ ಕೂತರೆ ಅದು ಓದು ಅಲ್ಲ, ಓದಿನಿಂದ ತಪ್ಪಿಸಿಕೊಳ್ಳೋ ದಾರಿ.’ ನಾನು ಪೂರ್ತಿ ಒಪ್ಪುತ್ತೇನೆ. ದಿನದ ನಕ್ಷೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಒಂದು ಪೆನ್ನು ಸಾಕು. ಫೋನ್‌ನಲ್ಲಿ ಇದಕ್ಕೆ ಆ್ಯಪ್‌ಗಳಿವೆ, ಚೆನ್ನಾಗಿಯೂ ಇವೆ. ಆದರೆ ನಮ್ಮ ಸಮಸ್ಯೆಯ ಒಂದು ಕೊಂಬೆಯೇ ಫೋನ್ ಆಗಿರುವಾಗ ಪರಿಹಾರವನ್ನೂ ಅದರೊಳಗೆ ಇಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರೊಂದಿಗೂ ಮಾತು ಬೇಡವೆನಿಸುವುದು, ಬದುಕೇ ಬೇಡ ಅನ್ನಿಸುವುದು, ಇವು ಹಾಳೆ ಪೆನ್ನಿನಿಂದ ಬಗೆಹರಿಯುವ ವಿಷಯಗಳಲ್ಲ. ಮನೆಯ ಹಿರಿಯರಿಗೋ ನಂಬಿಕೆಯ ಉಪನ್ಯಾಸಕರಿಗೋ ಅದೇ ದಿನ ಹೇಳಿ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೂ ಮಾತಾಡಬಹುದು.

ನನ್ನ ಸಹಪಾಠಿ ಈಗ ಏನಾದ ಎಂದು ಕೇಳುವವರಿಗೆ: ಕಾಲೇಜಿನಲ್ಲೇ ಇದ್ದಾನೆ. ಹಾಜರಾತಿ 68ಕ್ಕೆ ಬಂದಿದೆ, 75 ಆಗಬೇಕು. ಅಡ್ಮಿಷನ್ ಅಧ್ಯಾಯದ ಲೆಕ್ಕಗಳನ್ನು ತಾನೇ ಮಾಡುತ್ತಾನೆ, ನಿವೃತ್ತಿಯದು ಅರ್ಧಕ್ಕೆ ನಿಂತಿದೆ. ಮೊದಲ ಹಾಳೆಯನ್ನು ಎಸೆದಿಲ್ಲ. ಅದರಲ್ಲಿ ‘ಅಬ್ಬಾ’ ಎಂಬ ಕೊಂಬೆಗೆ ಇನ್ನೂ ಒಂದೂ ಕವಲು ಇಲ್ಲ. ‘ಅದು ಪರೀಕ್ಷೆ ಮುಗಿದ ಮೇಲೆ’ ಎನ್ನುತ್ತಾನೆ, ನಾನೂ ಒತ್ತಾಯಿಸಿಲ್ಲ.

ಬುಧವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ನಾವು ನಾಲ್ಕೈದು ಜನ ಗ್ರಂಥಾಲಯದ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಬರುವ ವಾರದ ನಕ್ಷೆ ಬರೆಯುತ್ತೇವೆ. ವಿಜ್ಞಾನ, ಕಲಾ ವಿಭಾಗದವರೂ ಬರಬಹುದು. ಹಿಂಬದಿ ಖಾಲಿಯಿರುವ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನು ಗ್ರಂಥಪಾಲಕ ಸರ್ ನಮಗಾಗಿ ತೆಗೆದಿಟ್ಟಿದ್ದಾರೆ, ಪೆನ್ನು ಮಾತ್ರ ನೀವೇ ತನ್ನಿ.